ಕೈಯಾಡಿಸದ ಪಾತ್ರೆ

ಸಂಜೆ ಊಟಕ್ಕೆ ಬರುವವರಿಗೆ ಹೇಳಬೇಕಾದ ಕಥೆಯನ್ನು ಪುಟ್ಟಿ ಮಧ್ಯಾಹ್ನ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಮತ್ತೊಮ್ಮೆ ಬಾಯಲ್ಲಿ ಹೇಳಿ ನೋಡಿಕೊಂಡಳು. ಅವಳಿಗೆ ನಲವತ್ತು ದಾಟಿದೆ, ಮುಂದಲೆ ನರೆತಿದೆ, ಪತ್ರಿಕೆಗಳು ಅವಳನ್ನು ಶೆಫ್ ಎಂದು ಕರೆಯುತ್ತವೆ. ಮನೆಯವರಿಗೆ ಮಾತ್ರ ಇನ್ನೂ ಪುಟ್ಟಿ.

ಕಥೆ ಇಷ್ಟೇ. "ನಮ್ಮ ಮನೇಲಿ ಇಬ್ಬರು ಜಗಳ ಆಡಿದ್ರೆ ಅಜ್ಜಿ ಖಾರ ಮಾಡ್ತಿದ್ರು. ಇಬ್ಬರನ್ನೂ ಎದುರುಬದುರು ಕೂರಿಸಿ ಬಡಿಸ್ತಿದ್ರು. ತಿಂದು ಮುಗಿಸೋ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರು. ಅಳ್ತಾ ಇರೋರ ಜೊತೆ ಯಾರು ಜಗಳ ಆಡ್ತಾರೆ?" ಇಲ್ಲಿಗೆ ಬಂದಾಗ ಗಿರಾಕಿಗಳು ನಗುತ್ತಿದ್ದರು. ಹೋಟೆಲಿನ ಗೋಡೆಯ ಕರಿಹಲಗೆಯ ಮೇಲೆ ಈ ಮಾಂಸದ ಅಡುಗೆಗೆ ಅವಳು ಕೊಟ್ಟ ಹೆಸರು "ರಾಜಿ ಖಾರ".

ಕಥೆಯಲ್ಲಿ ಸುಳ್ಳು ಹೆಚ್ಚಿರಲಿಲ್ಲ, ಬಿಟ್ಟದ್ದು ಹೆಚ್ಚಿತ್ತು. ಆ ಮನೆಯಲ್ಲಿ ಖಾರ ತಿಂದು ಯಾರೂ ರಾಜಿಯಾದವರಿಲ್ಲ. ಒಬ್ಬರು ಗೆಲ್ಲುತ್ತಿದ್ದರು, ಒಬ್ಬರು ಸೋಲುತ್ತಿದ್ದರು. ಇಬ್ಬರ ನಡುವೆ ನೀರು ತುಂಬಿದ ಒಂದೇ ಲೋಟ ಇಡುತ್ತಿದ್ದರು. ತಟ್ಟೆಗೆ ಒಂದು ಸೌಟು ಖಾರ, ಒಂದು ರೊಟ್ಟಿ. ಮೊದಲು ಲೋಟಕ್ಕೆ ಕೈಹಾಕಿದವರು ಸೋತಂತೆ. ವ್ಯಾಜ್ಯ ಅಲ್ಲಿಗೆ ಮುಗಿಯಿತು, ಮತ್ತೆ ಅದರ ಮಾತೆತ್ತುವಂತಿಲ್ಲ. ಇನ್ನೆರಡು ಕಟ್ಟಳೆಗಳಿದ್ದವು. ಬಡಿಸಿದವರು ತಿನ್ನುವಂತಿಲ್ಲ. ಒಲೆಯಿಂದ ಇಳಿಸಿದ ಮೇಲೆ ಪಾತ್ರೆಯಲ್ಲಿ ಕೈಯಾಡಿಸುವಂತಿಲ್ಲ. ಕೈಯಾಡಿಸಿದರೆ ನ್ಯಾಯ ಕದಡುತ್ತದೆ ಎಂದು ಮೊದಲು ಅಜ್ಜಿ, ಅವಳ ನಂತರ ಅಮ್ಮ ಹೇಳುತ್ತ ಬಂದಿದ್ದರು. ಕೋರ್ಟಿನಲ್ಲಿ ಈ ತೀರ್ಪನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಆ ಮನೆಯಲ್ಲಿ ಅದನ್ನು ಮೀರಿದವರು ಒಬ್ಬರೂ ಇರಲಿಲ್ಲ.

ತೊಟ್ಟು ಮುರಿದು ಮುಗಿಯುವ ಹೊತ್ತಿಗೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಅವನು ಒಳಗೆ ಬರುವುದು ಕಡಿಮೆ. ಅವನ ಜಾಗ ಮುಂದಿನ ಗಲ್ಲಾ.

"ನಾಳೆ ಔಷಧಿ ಅಂಗಡಿಯವರು ಜಾಗ ನೋಡೋಕೆ ಬರ್ತಾರೆ. ಹೂಂ ಅಂತೀಯೋ, ಇಲ್ವೋ?"

"ಊಹೂಂ."

"ಯಾಕೆ?"

"ಅವರು ಒಲೆ ಇಟ್ಕೊಳ್ತಾರಾ?"

"ಔಷಧಿ ಅಂಗಡೀಲಿ ಒಲೆ ಯಾಕೆ?"

"ಅದಕ್ಕೇ ಊಹೂಂ."

ಹಿಂದಿನ ವರ್ಷ ತೀರಿಕೊಂಡ ಅಪ್ಪ ಈ ಊಟದ ಹೋಟೆಲನ್ನು ಇಬ್ಬರ ಹೆಸರಿಗೂ ಜಂಟಿಯಾಗಿ ಬಿಟ್ಟುಹೋಗಿದ್ದ. ಹೋಟೆಲು ಮುಚ್ಚಿ ಜಾಗವನ್ನು ಬಾಡಿಗೆಗೆ ಕೊಡಬೇಕು ಎಂಬುದು ಅಣ್ಣನ ಹಟ. ಪುಟ್ಟಿ ಸಹಿ ಹಾಕದೆ ಅದು ಆಗುವಂತಿರಲಿಲ್ಲ. ಅಣ್ಣ ಗಲ್ಲಾ ಬಿಟ್ಟು ಏಳದೆ ಅವಳಿಗೂ ನೆಮ್ಮದಿ ಇರಲಿಲ್ಲ. ಒಂದೇ ಕಟ್ಟಡದ ಮುಂದೆ ಅವನು, ಹಿಂದೆ ಅವಳು. ನಡುವೆ ತಟ್ಟೆ ಹೋಗಿಬರುವ ಕಿಂಡಿ. ಮಾತೂ ಅಷ್ಟರಲ್ಲೇ ನಡೆಯುತ್ತಿತ್ತು.

"ನಿನಗೇನು ಕಷ್ಟ ಹೇಳು," ಅಂದಳು ಪುಟ್ಟಿ. "ಕೂತಲ್ಲೇ ಕೂತಿರ್ತೀಯ."

"ಅದೇ ಕಷ್ಟ. ಮೀಸೆ ಮೂಡೋಕೆ ಮುಂಚೆ ಅಪ್ಪ ನನ್ನ ಆ ಕುರ್ಚೀಲಿ ಕೂರಿಸ್ದ. ನಿನ್ನ ಹುಡುಕ್ಕೊಂಡು ಪೇಪರ್‌ನವರು ಬರ್ತಾರೆ, ಫೋಟೋ ಹೊಡೀತಾರೆ. ನನ್ನ ಮುಖ ನೋಡಿ ‘ಚಿಲ್ಲರೆ ಇದ್ಯಾ’ ಅಂತಾರೆ. ಸಾಯೋವರೆಗೂ ನಿನ್ನ ಖಾರಕ್ಕೆ ಚಿಲ್ಲರೆ ಎಣಿಸ್ಕೊಂಡು ಕೂತಿರ್ಬೇಕಾ ನಾನು?"

"ಬೇಡ. ಎದ್ದು ಹೋಗು. ಯಾರಾದ್ರೂ ಬರ್ತಾರೆ ಕೂರೋಕೆ."

"ಹೋಗೋದಾದ್ರೆ ಬಾಗಿಲು ಹಾಕ್ಕೊಂಡೇ ಹೋಗ್ತೀನಿ." ಅವನು ಬಾಣಲೆಯತ್ತ ನೋಡಿದ. "ಇವತ್ತು ಹೇಗೂ ಖಾರ ಮಾಡ್ತಿದೀಯ. ನಾನೂ ನೀನೂ ಕೂರೋಣ. ಅಮ್ಮ ಬಡಿಸ್ಲಿ. ನೀರು ಕುಡಿದವರು ಗೆದ್ದವರ ಮಾತು ಕೇಳ್ಬೇಕು."

"ಇವತ್ತು? ಜನ ಇರ್ತಾರೆ."

"ಇರ್ಲಿ! ನಿನ್ನ ರಾಜಿ ಕಥೆ ಕೇಳೋಕೆ ಬರ್ತಾರಲ್ಲ, ರಾಜಿ ಹೇಗಾಗುತ್ತೆ ಅಂತ ಕಣ್ಣಾರೆ ನೋಡ್ಲಿ. ಮತ್ತೆ, ಗಿರಾಕಿಗಳಿಗೆ ಮಾಡೋ ಆ ನೀರು ನೀರು ಖಾರ ಬೇಡ. ಮನೆ ಅಳತೇಲಿ ಮಾಡು. ಎರಡು ಹಿಡಿ ಮೆಣಸಿನಕಾಯಿ."

ಪುಟ್ಟಿಗೆ ಒಂದು ವಿಷಯ ಈಗ ಅರ್ಥವಾಯಿತು. ಕೆಲವು ವಾರಗಳಿಂದ ಅಣ್ಣ ಪ್ರತಿ ಊಟಕ್ಕೂ ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುತ್ತಿದ್ದ. ಹೊಟ್ಟೆ ಕೆಟ್ಟಿದೆಯೇ, ತಲೆ ಕೆಟ್ಟಿದೆಯೇ ಎಂದು ಬಡಿಸುವವರು ಆಡಿಕೊಂಡಿದ್ದರು. ಅವನು ಕೆಡಿಸಿಕೊಂಡಿರಲಿಲ್ಲ, ತಯಾರಿ ನಡೆಸಿದ್ದ.

"ಆಯ್ತು," ಅಂದಳು.

ಒಪ್ಪಲು ಅವಳಿಗೆ ಎರಡು ಕಾರಣಗಳಿದ್ದವು. ಒಂದು, ದಿನವೂ ಖಾರದ ರುಚಿ ನೋಡುವ ಅವಳ ನಾಲಿಗೆ. ಇನ್ನೊಂದು, ಅಮ್ಮನ ಸೌಟು.

ಆ ಸೌಟಿನ ವಿಷಯ ಅವಳಿಗೆ ತಿಳಿದದ್ದು ಮನೆಯಲ್ಲಿ ಅಲ್ಲ. ಅಡುಗೆ ಕಲಿಯಲೆಂದು ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಒಂದು ದಿನ ಇದೇ ಖಾರ ಮಾಡಿದ್ದಳು. ಒಂದೇ ಮೇಜಿನ ಇಬ್ಬರಿಗೆ ಒಂದೇ ಪಾತ್ರೆಯಿಂದ ಬಡಿಸಿದ್ದು. ಒಬ್ಬ ಚೆನ್ನಾಗಿದೆ ಎಂದು ಮತ್ತೆ ಹಾಕಿಸಿಕೊಂಡ, ಇನ್ನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಲ್ಲಿಯ ಕಡೆ ಓಡಿದ. ಅಲ್ಲಿನ ಮುಖ್ಯ ಅಡುಗೆಯವನು ಪಾತ್ರೆಯನ್ನು ಒಮ್ಮೆ ನೋಡಿ ಬೈದ. "ಕೈಯಾಡಿಸದೆ ಬಡಿಸಿದ್ಯಾ? ಮೇಲೆ ಎರಡು ಬೆರಳು ಎಣ್ಣೆ ನಿಂತಿದೆ. ಮೆಣಸಿನಕಾಯಿ ಖಾರ ಎಲ್ಲಾ ಎಣ್ಣೆಗೆ ಇಳಿಯುತ್ತೆ. ತಳದಲ್ಲಿ ಇರೋದು ಮಾಂಸ, ನೀರು. ಮೇಲಿಂದ ತೆಗೆದ್ರೆ ಬೆಂಕಿ, ತಳದಿಂದ ತೆಗೆದ್ರೆ ಸಾರು."

ಸೌಟು ಹಿಡಿದು ನಿಂತಿದ್ದ ಪುಟ್ಟಿಗೆ ಆಗ ಅಮ್ಮನ ಮಣಿಕಟ್ಟು ನೆನಪಾಯಿತು. ಒಬ್ಬರಿಗೆ ಬಡಿಸುವಾಗ ಸೌಟು ಮೇಲೆ ತೇಲಿದಂತೆ ಹೋಗಿ ತುಂಬಿಕೊಂಡು ಬರುತ್ತಿತ್ತು. ಇನ್ನೊಬ್ಬರಿಗೆ ಬಡಿಸುವಾಗ ಸೌಟಿನ ಬೆನ್ನು ಮೊದಲು ಎಣ್ಣೆಯನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಆಮೇಲೆ ತಳಕ್ಕೆ ಇಳಿಯುತ್ತಿತ್ತು. ಮನೆಯವರೆಲ್ಲ ನಾಲಿಗೆಯ ಪಂದ್ಯ ಎಂದುಕೊಂಡದ್ದನ್ನು ಅಮ್ಮ ಸೌಟಿನಲ್ಲೇ ತೀರ್ಮಾನಿಸುತ್ತಿದ್ದಳು. ಪಾತ್ರೆಗೆ ಕೈಯಾಡಿಸಬಾರದು ಎಂಬ ಕಟ್ಟಳೆ ಇದ್ದದ್ದೂ ಅದಕ್ಕೇ.

ಅಂದಿನಿಂದ ಪುಟ್ಟಿ ತನ್ನ ಅಡುಗೆಮನೆಯಲ್ಲಿ ಪ್ರತಿ ಸೌಟಿಗೂ ಮೊದಲು ಕೈಯಾಡಿಸುತ್ತಾಳೆ, ಕೆಲಸದವರಿಗೂ ಅದನ್ನೇ ಹೇಳಿ ಹೇಳಿ ರೂಢಿ ಮಾಡಿಸಿದ್ದಾಳೆ. ಮನೆಯಲ್ಲಿ ಮಾತ್ರ ಬಾಯಿಬಿಡಲಿಲ್ಲ. ಬಿಡದಿರಲು ಕಾರಣವಿತ್ತು. ಅವಳು ಹೊರಗೆ ಹೋಗಿ ಅಡುಗೆ ಕಲಿಯಬೇಕೆಂದಾಗ ಅಪ್ಪ ಒಪ್ಪಿರಲಿಲ್ಲ. ಆಗಲೂ ಖಾರ ಮಾಡಿದ್ದರು. ಎರಡನೇ ತುತ್ತಿಗೇ ಅಪ್ಪನ ಕೈ ಲೋಟಕ್ಕೆ ಹೋಗಿತ್ತು. ತಾನು ಶೆಫ್ ಆದದ್ದು ನಾಲಿಗೆಯಿಂದಲ್ಲ, ಅಮ್ಮನ ಮಣಿಕಟ್ಟಿನಿಂದ ಎಂದು ಅವಳಿಗೆ ಗೊತ್ತಿತ್ತು. ಈಗಲೂ ಅದು ತನ್ನ ಕಡೆಗೇ ತಿರುಗುತ್ತದೆ ಎಂದು ನಂಬಿದ್ದಳು.

ಸಂಜೆ ಇನ್ನೂ ಬೆಳಕಿರುವಾಗ ಮೊದಲು ಬಂದವಳು ಅತ್ತೆ, ಅಪ್ಪನ ತಂಗಿ. ಈ ಹೋಟೆಲನ್ನು ಶುರುಮಾಡಿದ್ದು ಅಪ್ಪ ಮತ್ತು ಅತ್ತೆ ಇಬ್ಬರೂ ಸೇರಿ. ಮುಂದೆ ಅಪ್ಪ, ಒಲೆಯ ಮುಂದೆ ಅತ್ತೆ. ಅಪ್ಪನ ಮದುವೆಯಾದ ಮೇಲೆ ಒಲೆ ಯಾರದು ಎಂಬ ಮಾತು ಬಂತು. ಅತ್ತೆ ಪಾಲು ಕೇಳಿದಳು. ಅಪ್ಪ ಕೊಡುವುದಿಲ್ಲ ಎಂದ. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಖಾರ ಮಾಡಿದರು. ಬಡಿಸಿದವಳು ಅಮ್ಮ. ಅತ್ತೆ ಮೊದಲ ತುತ್ತಿಗೇ ನೀರು ಕುಡಿದಳು. ಮರುದಿನ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಹೋದವಳು ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತಳಾದಳು. ಈ ಹೊಸ್ತಿಲನ್ನು ಮತ್ತೆ ತುಳಿದದ್ದು ಇವತ್ತೇ. ಹಳೆಯ ಮುಖವೊಂದು ಪಕ್ಕದಲ್ಲಿದ್ದರೆ ಮನೆತನದ ಅಡುಗೆಯ ಮಾತಿಗೆ ತೂಕ ಬರುತ್ತದೆ ಎಂದು ಪುಟ್ಟಿ ಮೇಲಿಂದ ಮೇಲೆ ಫೋನು ಮಾಡಿ ಕರೆದಿದ್ದಳು.

"ಬನ್ನಿ ಅತ್ತೆ."

"ಬಂದೆ. ಬಾಗಿಲು ಬದಲಾಯಿಸಿದೀರ."

"ಹಳೇದಕ್ಕೆ ಗೆದ್ದಲು ಹಿಡಿದಿತ್ತು."

"ಹಿಡಿಯುತ್ತೆ," ಅಂದಳು ಅತ್ತೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲೇ ಕುಳಿತಳು. ಬೇಗ ಎದ್ದುಹೋಗುವವರು ಕೂರುವ ಜಾಗ ಅದು.

ಮಹಡಿಯ ಮೇಲೆ ಅಣ್ಣನ ಸಂಸಾರದ ಜೊತೆ ಇರುವ ಅಮ್ಮ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು.

"ಬಂದ್ಯಾ? ಸೊರಗಿದೀಯ."

"ಸಪ್ಪೆ ಊಟ ಅತ್ತಿಗೆ. ಇಲ್ಲಿಂದ ಹೋದ್ಮೇಲೆ ಖಾರ ಮುಟ್ಟಿಲ್ಲ."

"ನಿನ್ನ ನಾಲಿಗೆ ಮೊದಲಿಂದ್ಲೂ ನಾಜೂಕು."

"ಹೌದು. ಆವತ್ತೂ ನೀವು ಹಾಗೇ ಅಂದಿದ್ರಿ."

ಪುಟ್ಟಿ ಅಡುಗೆಮನೆಗೆ ಹೋದಳು. ಬಿಸಿನೀರಿನಲ್ಲಿ ನೆನೆದ ಎರಡು ಹಿಡಿ ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪಿನ ಜೊತೆ ನುಣ್ಣಗೆ ರುಬ್ಬಿ ಎಣ್ಣೆಗೆ ಹಾಕಿದಳು. ಸಣ್ಣ ಉರಿಯಲ್ಲಿ ಹುರಿದು ಎಣ್ಣೆ ಬಿಟ್ಟ ಮೇಲೆ ಮಾಂಸ ಬಿದ್ದಿತು. ಘಾಟಿಗೆ ತಟ್ಟೆ ತೊಳೆಯುವವನು ಕೆಮ್ಮುತ್ತ ಹಿತ್ತಲ ಬಾಗಿಲು ತೆರೆದ. ಗಿರಾಕಿಗಳಿಗಾಗಿ ಪಕ್ಕದ ಒಲೆಯಲ್ಲಿ ಅರ್ಧ ಹಿಡಿಯ ಖಾರ ಬೇರೆ ಕುದಿಯುತ್ತಿತ್ತು.

ಏಳರ ಹೊತ್ತಿಗೆ ಮೇಜುಗಳು ತುಂಬಿದವು. ಬಂದವರಲ್ಲಿ ಹೆಚ್ಚಿನವರು ಹಳೆಯ ಗಿರಾಕಿಗಳು. ಕಿಟಕಿಯ ಪಕ್ಕ ಕೂರುವ ಹಲ್ಲಿನ ಡಾಕ್ಟರು ಎಂದಿನಂತೆ ಒಬ್ಬರೇ ಬಂದು ಇಬ್ಬರಿಗಾಗುವಷ್ಟು ರೊಟ್ಟಿ ಮೊದಲೇ ಹೇಳಿಟ್ಟರು. ಪುಟ್ಟಿ ಏಪ್ರನ್ ಸರಿಮಾಡಿಕೊಂಡು ನಡುವೆ ನಿಂತು ಕಥೆ ಶುರುಮಾಡಿದಳು. ಅಜ್ಜಿ, ಜಗಳ, ಎದುರುಬದುರು. "ತಿಂದು ಮುಗಿಸೋ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರು..."

"ಆಮೇಲೆ ಒಬ್ಬರು ಮನೆ ಬಿಟ್ಟು ಹೋಗ್ತಿದ್ರು," ಎಂದ ಅಣ್ಣ ಗಲ್ಲಾದಿಂದ. "ಅದನ್ನೂ ಹೇಳು."

ಜನ ನಕ್ಕರು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡರು. ಅತ್ತೆ ನಗಲಿಲ್ಲ.

"ನಮ್ಮಣ್ಣನಿಗೆ ತಮಾಷೆ ಜಾಸ್ತಿ," ಅಂದಳು ಪುಟ್ಟಿ.

"ತಮಾಷೆ ಅಲ್ಲ." ಅಣ್ಣ ಎದ್ದು ಬಂದು ನಡುವಿನ ಖಾಲಿ ಮೇಜಿಗೆ ಕುರ್ಚಿ ಎಳೆದ. "ಈ ಹೋಟೆಲ್ ಇರ್ಬೇಕು ಅಂತ ಇವಳು, ಮುಚ್ಬೇಕು ಅಂತ ನಾನು. ಇವತ್ತು ನಿಮ್ಮೆದುರಿಗೆ ತೀರ್ಮಾನ. ನೀವೇ ಸಾಕ್ಷಿ."

"ಯಾರು ಗೆದ್ರೂ ನನ್ನ ರೊಟ್ಟಿ ಮಾತ್ರ ಬರ್ಲಿ," ಎಂದರು ಹಲ್ಲಿನ ಡಾಕ್ಟರು.

ಮೇಜಿನ ನಡುವೆ ನೀರಿನ ಲೋಟ ಬಂತು. ಪುಟ್ಟಿ ಅಣ್ಣನ ಎದುರು ಕುಳಿತಳು. ಎರಡು ಹಿಡಿಯ ಪಾತ್ರೆಯನ್ನು ಕೆಲಸದವರು ತಂದಿಟ್ಟರು. ಅಮ್ಮ ಮುಚ್ಚಳ ತೆಗೆದಳು. ಮೇಲೆ ಕೆಂಪು ಎಣ್ಣೆ ಕದಲದೆ ನಿಂತಿತ್ತು, ದೀಪದ ಬೆಳಕು ಅದರಲ್ಲಿ ಬಿದ್ದು ಹೊಳೆಯುತ್ತಿತ್ತು.

ಅಮ್ಮ ಮೊದಲು ಅಣ್ಣನ ತಟ್ಟೆ ತೆಗೆದುಕೊಂಡಳು. ಪುಟ್ಟಿ ಕಣ್ಣು ಮಿಟುಕಿಸದೆ ನೋಡಿದಳು. ಸೌಟಿನ ಬೆನ್ನು ಎಣ್ಣೆಯ ಮೇಲೆ ಕೂತಿತು, ಎಣ್ಣೆಯನ್ನು ಪಕ್ಕಕ್ಕೆ ತಳ್ಳಿತು, ತಳಕ್ಕೆ ಇಳಿಯಿತು. ಅಣ್ಣನ ತಟ್ಟೆಯಲ್ಲಿ ಮಾಂಸ ಬಿದ್ದಿತು, ಜೊತೆಗೆ ಮಂಕು ಬಣ್ಣದ ತೆಳು ಸಾರು. ಆಮೇಲೆ ಅಮ್ಮ ಪುಟ್ಟಿಯ ತಟ್ಟೆ ಎತ್ತಿಕೊಂಡಳು. ಸೌಟು ಮೇಲೆ ತೇಲಿಕೊಂಡು ಹೋಯಿತು.

ಅಮ್ಮ ಮಗಳ ಮುಖ ನೋಡಲಿಲ್ಲ.

ಪುಟ್ಟಿಯ ಮುಂದೆ ಆಗ ಎರಡೇ ದಾರಿಗಳಿದ್ದವು. ಬಾಯಿ ಮುಚ್ಚಿಕೊಂಡು ಆ ಎಣ್ಣೆ ತಿಂದು ಒಲೆ ಕಳೆದುಕೊಳ್ಳುವುದು ಒಂದು. ಇನ್ನೊಂದು ಬಾಯಿಬಿಡುವುದು; ಆಗ ಒಲೆ ಉಳಿಯಬಹುದಿತ್ತು, ಉಳಿದದ್ದೆಲ್ಲ ಹೋಗುತ್ತಿತ್ತು.

"ಕೈಯಾಡಿಸಿ ಬಡಿಸಮ್ಮ," ಅಂದಳು.

ಸೌಟು ಗಾಳಿಯಲ್ಲೇ ನಿಂತಿತು. ಅದರ ತುದಿಯಿಂದ ಒಂದು ಹನಿ ಎಣ್ಣೆ ಮೇಜಿನ ಬಟ್ಟೆಯ ಮೇಲೆ ಬಿದ್ದು ಅಗಲವಾಯಿತು.

"ಏನಂದೆ?" ಅಂದಳು ಅಮ್ಮ.

"ಇಬ್ಬರಿಗೂ ಒಂದೇ ಥರ ಬಡಿಸು ಅಂದೆ. ಅವನಿಗೆ ತಳದ್ದು ಹಾಕಿದೀಯ. ನನಗೆ ಮೇಲಿಂದು ತೆಗೆದಿದೀಯ. ಖಾರ ಇರೋದು ಮೇಲಿನ ಎಣ್ಣೇಲಿ. ನಿನಗೂ ಗೊತ್ತು, ನನಗೂ ಗೊತ್ತು."

"ಸೋಲ್ತೀನಿ ಅಂತ ಹೆದರಿ ನಾಟಕ ಆಡ್ತಿದಾಳೆ," ಎಂದ ಅಣ್ಣ. "ಒಲೆಯಿಂದ ಇಳಿಸಿದ ಪಾತ್ರೆಗೆ ಯಾರಾದ್ರೂ ಕೈಯಾಡಿಸ್ತಾರಾ? ಬಡಿಸಮ್ಮ ನೀನು."

"ನಿನ್ನ ತಟ್ಟೇಲಿ ಬೆರಳು ಅದ್ದಿ ನೆಕ್ಕು. ಆಮೇಲೆ ಆ ಸೌಟಿಂದು ನೆಕ್ಕು. ಒಂದೇ ಥರ ಇದ್ರೆ ನಾಳೆ ನಾನೇ ಬಾಗಿಲು ಹಾಕ್ತೀನಿ."

ಅಣ್ಣ ಸಿಟ್ಟಿನಿಂದಲೇ ಬೆರಳು ಅದ್ದಿ ನೆಕ್ಕಿದ. ಏನೂ ಆಗಲಿಲ್ಲ. ಸೌಟಿನ ಅಂಚಿಗೆ ಬೆರಳು ತಾಗಿಸಿ ನೆಕ್ಕಿದ. ಅವನ ಹುಬ್ಬು ಮೇಲೇರಿತು, ಕಿವಿ ಕೆಂಪಾಯಿತು. ವಾರಗಟ್ಟಲೆ ತಿಂದ ಹಸಿಮೆಣಸಿನಕಾಯಿ ಯಾವ ಕೆಲಸಕ್ಕೂ ಬರಲಿಲ್ಲ. ಅವನು ಅಮ್ಮನನ್ನು ನೋಡಿದ.

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ ನಿನಗೆ?" ಎಂದ. "ನಾನೇ ಗೆಲ್ತಿದ್ದೆ."

"ನೀನು ಗೆಲ್ತಿದ್ದೆ!" ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ? ನೋಡು ಪುಟ್ಟಿ, ನಿನಗೇನು, ಎಲ್ಲಿ ಹೋದ್ರೂ ಒಂದು ಒಲೆ ಸಿಗುತ್ತೆ. ಇವನಿಗೆ ಚಿಲ್ಲರೆ ಎಣಿಸೋದು ಬಿಟ್ಟು ಏನು ಬರುತ್ತೆ? ಮಕ್ಕಳಿವೆ. ಬಾಡಿಗೆ ಬಂದ್ರೆ ಸಂಸಾರ ನಡೆಯುತ್ತೆ. ಈ ವಯಸ್ಸಲ್ಲಾದ್ರೂ ಆ ಕುರ್ಚಿಯಿಂದ ಏಳ್ಲಿ ಅಂತ ಮಾಡ್ದೆ. ಮನೆ ನಡೆಸೋಳಿಗೆ ಗೊತ್ತಿರುತ್ತೆ, ಯಾರು ಸೋತ್ರೆ ತಡ್ಕೊಳ್ತಾರೆ ಅಂತ."

ಬಾಗಿಲ ಹತ್ತಿರ ಕುರ್ಚಿ ಸರಿದ ಸದ್ದಾಯಿತು.

"ನನಗೂ ಎಲ್ಲೋ ಒಂದು ಒಲೆ ಸಿಕ್ತು, ಅತ್ತಿಗೆ," ಎಂದಳು ಅತ್ತೆ. "ಅದಕ್ಕೇನಾ?"

ಇದು ಕಾರ್ಯಕ್ರಮವಲ್ಲ ಎಂದು ಎಲ್ಲರಿಗೂ ತಿಳಿದುಹೋಗಿತ್ತು. ಅತ್ತೆ ಚೀಲವನ್ನು ಕುರ್ಚಿಯ ಮೇಲೆ ಬಿಟ್ಟು ನಡೆದು ಬಂದಳು.

"ಆವತ್ತು ನನಗೆ ಹಾಕಿದ್ದು ಮೇಲಿಂದಾ?"

ಉತ್ತರಿಸಿದವಳು ಪುಟ್ಟಿ. "ಮೇಲಿಂದು ಅತ್ತೆ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಚಿಕ್ಕವಳು. ನಿಮ್ಮ ತಟ್ಟೆ ಅಂಚಲ್ಲಿ ಕೆಂಪು ನಿಂತಿತ್ತು. ಆಗ ಅರ್ಥ ಆಗಿರ್ಲಿಲ್ಲ."

"ಯಾವಾಗ ಆಯ್ತು?"

"ಹೊರಗೆ ಕೆಲಸಕ್ಕೆ ಇದ್ದಾಗ."

"ಅಂದ್ರೆ ಕೂದಲು ಕಪ್ಪಗಿದ್ದಾಗ." ಅತ್ತೆ ಅವಳ ಮುಂದಲೆ ನೋಡಿದಳು. "ಇಷ್ಟು ವರ್ಷ ಇಟ್ಕೊಂಡಿದ್ದೆ. ಇವತ್ತು ಸೌಟು ನಿನ್ನ ಕಡೆ ತಿರುಗ್ತು, ಬಾಯಿ ಬಂತು. ಮೊನ್ನೆ ಫೋನಲ್ಲಿ ಬನ್ನಿ ಬನ್ನಿ ಅಂತ ಕರೆದ್ಯಲ್ಲ, ಆಗ ಬಂದಿರ್ಲಿಲ್ಲ."

ಪುಟ್ಟಿ ಮೇಜಿನ ಬಟ್ಟೆಯ ಮೇಲಿನ ಎಣ್ಣೆಯ ಕಲೆ ನೋಡಿದಳು.

"ನನ್ನ ನಾಲಿಗೇನೇ ಸರಿಯಿಲ್ಲ ಅಂತ ಅಂದ್ಕೊಂಡಿದ್ದೆ ನಾನು," ಎಂದಳು ಅತ್ತೆ. "ಅಡುಗೆಯವಳ ನಾಲಿಗೆ! ಕ್ಯಾಂಟೀನಲ್ಲಿ ಉಪ್ಪು ನೋಡೋಕೂ ಇನ್ನೊಬ್ಬರ ಕೈಗೆ ಕೊಡ್ತಿದ್ದೆ." ಅವಳು ಅಮ್ಮನ ಕೈಯಲ್ಲಿದ್ದ ಸೌಟಿಗೆ ಕೈಹಾಕಿದಳು. ಅಮ್ಮ ಬಿಡಲಿಲ್ಲ. ಇಬ್ಬರೂ ಒಂದು ಕ್ಷಣ ಅದನ್ನು ಎಳೆದಾಡಿದರು, ಆಮೇಲೆ ಅಮ್ಮನ ಬೆರಳುಗಳು ಸಡಿಲವಾದವು.

ಅತ್ತೆ ಪಾತ್ರೆಯೊಳಗೆ ಸೌಟು ಇಳಿಸಿ ತಳದಿಂದ ಮೇಲಕ್ಕೆ, ಮೇಲಿಂದ ತಳಕ್ಕೆ ಕೈಯಾಡಿಸಿದಳು. ಎಣ್ಣೆಯ ಕೆಂಪು ಒಡೆದು ಸಾರಿನಲ್ಲಿ ಬೆರೆಯಿತು. ವ್ಯಾಜ್ಯದ ಪಾತ್ರೆಗೆ ಹೀಗೆ ಕೈಯಾಡಿಸಿದ್ದನ್ನು ಮನೆಯವರು ನೋಡಿದ್ದು ಅದೇ ಮೊದಲು. ಅಣ್ಣನ ತಟ್ಟೆಯಲ್ಲಿದ್ದದ್ದನ್ನು ಪಾತ್ರೆಗೆ ಸುರಿದು ಮತ್ತೆ ಕೈಯಾಡಿಸಿದಳು. ಪುಟ್ಟಿಗೆ ಬಡಿಸಿದಳು, ಅಣ್ಣನಿಗೆ ಬಡಿಸಿದಳು, ಇನ್ನೆರಡು ತಟ್ಟೆ ತರಿಸಿ ಅವಕ್ಕೂ ಬಡಿಸಿದಳು.

"ಕೂತ್ಕೊಳ್ಳಿ ಅತ್ತಿಗೆ."

"ಬಡಿಸೋರು ತಿನ್ನಲ್ಲ," ಎಂದಳು ಅಮ್ಮ.

"ಇವತ್ತು ಬಡಿಸಿದ್ದು ನಾನು. ನಾನೂ ತಿಂತೀನಿ. ಆವತ್ತಿನ ವ್ಯಾಜ್ಯ ತೀರ್ಮಾನ ಆಗಿಲ್ಲ. ಈ ಒಲೇಲಿ ನನ್ನದೂ ಒಂದು ಪಾಲಿದೆ ಅಂತ ಮತ್ತೆ ಕೇಳ್ತಿದೀನಿ. ಕೊನೆವರೆಗೆ ನೀರು ಮುಟ್ಟದವರದ್ದು ಒಲೆ. ಉಳಿದವರು ಬಾಯಿ ಮುಚ್ಕೊಂಡು ಹೋಗೋದು. ಯಾರಿಗಾದ್ರೂ ಬೇಡ್ವಾ?"

"ಇದು ಅನ್ಯಾಯ," ಎಂದ ಅಣ್ಣ. "ನೀವು ಎಲ್ಲಿಂದ ಬಂದ್ರಿ ಮಧ್ಯದಲ್ಲಿ?"

"ನಿನಗಿಂತ ಮುಂಚೆ ಬಂದಿದೀನಿ. ಆ ಗಲ್ಲಾದ ಮರ ಆರಿಸಿದ್ದು ನಾನು. ಕೂತ್ಕೋ."

ಅಮ್ಮ ಕುಳಿತಳು. ಕಟ್ಟಳೆಯ ಮೇಲೇ ಮನೆ ನಡೆಸಿದವಳಿಗೆ ಈಗ ಅದೇ ಕಟ್ಟಳೆಯಿಂದ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನಾಲ್ವರೂ ರೊಟ್ಟಿ ಮುರಿದರು.

ಅಮ್ಮ ಎಷ್ಟೋ ಜಗಳಗಳಿಗೆ ಖಾರ ಬಡಿಸಿದ್ದಳು. ಎರಡು ಹಿಡಿಯ ಖಾರವನ್ನು ಒಮ್ಮೆಯೂ ತಿಂದಿರಲಿಲ್ಲ. ಮೊದಲ ತುತ್ತು ಗಂಟಲಿಗಿಳಿಯುವ ಮೊದಲೇ ಅವಳ ಬೆನ್ನು ಬಾಗಿತು. ತಡೆಯಲು ನೋಡಿದಳು. ಕೈ ತಾನಾಗಿಯೇ ಲೋಟದತ್ತ ಹೋಯಿತು. ಪೂರ್ತಿ ಕುಡಿದು ಲೋಟವನ್ನು ಕೆಳಗಿಟ್ಟಳು. ಅತ್ತೆ ಅವಳನ್ನೇ ನೋಡುತ್ತ ಎರಡನೇ ತುತ್ತು ಬಾಯಿಗಿಟ್ಟುಕೊಂಡಳು.

ಅಣ್ಣ ಮೂರು ತುತ್ತು ತಿಂದ. ನಾಲ್ಕನೆಯದನ್ನು ಅಗಿಯುವಾಗ ಮೂಗು ಸುರಿಯತೊಡಗಿತು. ಮೇಜಿನ ಲೋಟ ಖಾಲಿಯಾಗಿತ್ತು. ಅವನು ಎದ್ದವನೇ ಹಲ್ಲಿನ ಡಾಕ್ಟರ ಮುಂದಿದ್ದ ಲೋಟ ಕಸಿದು ಗಟಗಟನೆ ಕುಡಿದುಬಿಟ್ಟ. ಡಾಕ್ಟರು ಎರಡೂ ಕೈ ಎತ್ತಿ ಹಿಂದಕ್ಕೆ ಸರಿದರು.

ಉಳಿದವರು ಇಬ್ಬರು. ಪುಟ್ಟಿಯ ತುಟಿ ಸುಡುತ್ತಿತ್ತು, ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಆದರೂ ಇದು ದಿನವೂ ಒಡನಾಡುವ ಉರಿ. ಉಸಿರನ್ನು ಮೂಗಿನಿಂದ ನಿಧಾನವಾಗಿ ಬಿಟ್ಟರೆ ಒಂದು ತುತ್ತಿನಿಂದ ಇನ್ನೊಂದು ತುತ್ತಿಗೆ ದಾಟಬಹುದು ಎಂದು ಅವಳಿಗೆ ಗೊತ್ತಿತ್ತು. ಎದುರಿಗೆ ಅತ್ತೆಯ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ರೊಟ್ಟಿ ಮುರಿಯುತ್ತಲೇ ಇದ್ದಳು. ಕೆಲಸದವರಲ್ಲಿ ಯಾರೋ ಲೋಟವನ್ನು ಮತ್ತೆ ತುಂಬಿಸಿ ಇಬ್ಬರ ನಡುವೆ ಇಟ್ಟುಹೋದರು.

ತಾನು ಈಗ ಲೋಟ ಎತ್ತಿದರೆ ಹಳೆಯದು ಸರಿಹೋಗುತ್ತದೆ ಎಂಬ ಯೋಚನೆ ಪುಟ್ಟಿಯ ತಲೆಯಲ್ಲಿ ಹಾದುಹೋಯಿತು. ಅತ್ತೆ ಅದನ್ನು ಅವಳ ಮುಖದಲ್ಲಿ ಓದಿದಳು.

"ಬಿಟ್ಟುಕೊಟ್ರೆ ಈ ತಟ್ಟೆ ನಿನ್ನ ಮುಖಕ್ಕೆ ಬರುತ್ತೆ," ಎಂದಳು. ಧ್ವನಿ ಒಡೆದಿತ್ತು. "ತಿನ್ನು."

ಪುಟ್ಟಿ ತಿಂದಳು. ತಟ್ಟೆ ಒರೆಸಿ ತಿಂದಳು. ಅತ್ತೆಯ ತಟ್ಟೆಯಲ್ಲಿ ಇನ್ನೊಂದೇ ತುತ್ತು ಉಳಿದಿತ್ತು. ಅದನ್ನು ಎತ್ತಿದಳು, ಬಾಯಿಯ ಹತ್ತಿರ ತಂದಳು, ಅಲ್ಲಿಯೇ ಹಿಡಿದಳು. ಆಮೇಲೆ ತಟ್ಟೆಗೇ ಇಳಿಸಿ ಲೋಟ ತೆಗೆದುಕೊಂಡಳು. ಬಾಯಾರಿದವರು ಕುಡಿಯುವಂತೆ ಅಲ್ಲ, ಗುಟುಕು ಗುಟುಕಾಗಿ ಕುಡಿದಳು.

"ಇದು ಸೋಲು," ಎಂದಳು ಅಮ್ಮನ ಕಡೆ ತಿರುಗಿ. "ನೋಡ್ಕೊಳ್ಳಿ ಅತ್ತಿಗೆ, ಸೋಲು ಅಂದ್ರೆ ಹೀಗಿರುತ್ತೆ. ಆವತ್ತಿಂದು ಸೋಲಲ್ಲ."

ಅಮ್ಮ ಮೇಜು ಹಿಡಿದು ಎದ್ದಳು. ಅಣ್ಣ ತೋಳು ಹಿಡಿಯಲು ಬಂದಾಗ ಅವನ ಕೈ ಕೊಡವಿ ಒಬ್ಬಳೇ ಮೆಟ್ಟಿಲು ಹತ್ತಿದಳು. ಅಣ್ಣ ಗಲ್ಲಾಕ್ಕೆ ಹೋಗಿ ಡ್ರಾಯರು ಎಳೆದು ಬೀಗದ ಕೈಗೊಂಚಲು ತೆಗೆದ. ಪುಟ್ಟಿಯ ಖಾಲಿ ತಟ್ಟೆಯೊಳಗೆ ಅದನ್ನು ಎಸೆದ. ಸದ್ದಿಗೆ ಪಕ್ಕದ ಮೇಜಿನ ಹೆಂಗಸು ಬೆಚ್ಚಿದಳು.

"ತಗೋ. ಅ‌ಡುಗೇನೂ ನೀನೇ ಮಾಡು, ಚಿಲ್ಲರೇನೂ ನೀನೇ ಎಣಿಸು."

ಅವನು ಮುಂಬಾಗಿಲಿನಿಂದ ಹೊರಗೆ ಹೋದ. ಮಹಡಿಯ ಮನೆಗೆ ಹೋಗಲು ಒಳಗೇ ಮೆಟ್ಟಿಲಿತ್ತು, ಅದರ ಕಡೆ ನೋಡಲೂ ಇಲ್ಲ.

ಅತ್ತೆ ಚೀಲ ಎತ್ತಿಕೊಂಡಳು. ಪುಟ್ಟಿ ಅವಳ ಹಿಂದೆ ಬಾಗಿಲವರೆಗೆ ಹೋದಳು. ಏನಾದರೂ ಹೇಳಬೇಕಿತ್ತು.

"ಅತ್ತೆ, ಮತ್ತೆ ಬರ್ತೀರಾ?"

"ಯಾಕೆ? ಫೋಟೋಗಾ?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಲೆ ನಿಂದು. ಗೆದ್ದಿದೀಯ, ಇಟ್ಕೋ. ಆದ್ರೆ ಆ ಕಥೆ ಇದ್ಯಲ್ಲ, ಎದುರುಬದುರು ಕೂರಿಸ್ತಿದ್ರು, ಅಳ್ತಿದ್ರು ಅಂತ. ಅದರಲ್ಲಿ ಅತ್ತವಳು ನಾನು. ಇನ್ನೊಂದ್ಸಲ ನನ್ನ ಅಳುವನ್ನ ರೊಟ್ಟಿ ಜೊತೆ ಮಾರಿದ್ರೆ, ಬಂದು ನಾನೇ ಉಳಿದಿದ್ದು ಹೇಳ್ತೀನಿ."

ಅವಳು ಬೀದಿ ದಾಟಿ ಬಸ್ಸಿನ ನಿಲ್ದಾಣದ ಕಡೆ ಹೋದಳು. ತಿರುಗಿ ನೋಡಲಿಲ್ಲ.

ಪುಟ್ಟಿ ಒಳಗೆ ಬಂದಾಗ ಎಲ್ಲ ಮೇಜುಗಳೂ ಅವಳನ್ನೇ ನೋಡುತ್ತಿದ್ದವು. ಅವಳು ಗೋಡೆಯ ಹಲಗೆಯ ಮುಂದೆ ನಿಂತು ಏಪ್ರನ್ನಿನ ಅಂಚಿನಿಂದ "ರಾಜಿ" ಎಂಬ ಮೊದಲ ಪದವನ್ನು ಒರೆಸಿದಳು. "ಖಾರ" ಎಂಬುದು ಮಾತ್ರ ಉಳಿಯಿತು.

"ಕಥೆ ಅರ್ಧಕ್ಕೆ ನಿಂತ್ಹೋಯ್ತಲ್ಲ," ಎಂದಳು ಬೆಚ್ಚಿದ್ದ ಹೆಂಗಸು, ಹೊಸ ಗಿರಾಕಿ.

"ಕಥೆ ಇಲ್ಲ. ಊಟ ಇದೆ," ಎಂದಳು ಪುಟ್ಟಿ. "ಬೇಕಾದೋರು ಕೂತ್ಕೊಳ್ಳಿ."

"ಮೊದಲು ನನಗೊಂದು ಲೋಟ ನೀರು," ಎಂದರು ಹಲ್ಲಿನ ಡಾಕ್ಟರು. "ನನ್ನದನ್ನ ನಿಮ್ಮಣ್ಣ ಕುಡ್ದು ಹೋದ್ರು."

ಇಬ್ಬರು ಮೂವರು ಎದ್ದು ಹೋದರು. ಉಳಿದವರು ಕುಳಿತೇ ಇದ್ದರು. ಪುಟ್ಟಿ ಅಡುಗೆಮನೆಗೆ ಹೋಗಿ ಅರ್ಧ ಹಿಡಿಯ ಪಾತ್ರೆಯ ಮುಚ್ಚಳ ತೆಗೆದಳು. ಅದರಲ್ಲೂ ಎಣ್ಣೆ ಮೇಲೆ ನಿಂತಿತ್ತು. ಸೌಟು ಹೊರಗಿನ ಮೇಜಿನ ಮೇಲೆಯೇ ಉಳಿದಿತ್ತು. ಬೇರೊಂದು ತೆಗೆದುಕೊಂಡು, ತಳ ಮುಟ್ಟುವವರೆಗೆ ಇಳಿಸಿ, ಕೈಯಾಡಿಸತೊಡಗಿದಳು.